ಹೆಬ್ಬೆರಳಿನ ಲೆಕ್ಕ



ಶಾಲೆಯ ವಾರ್ಷಿಕ ಸಂಚಿಕೆಗೆ ಕನ್ನಡ ಶಿಕ್ಷಕನೊಬ್ಬ ಬರೆಯುವಾಗ ಕವಿಯೊಬ್ಬನ ಪರಿಚಯವನ್ನೋ ವ್ಯಾಕರಣದ ತೊಡಕೊಂದನ್ನೋ ಆರಿಸಿಕೊಳ್ಳುವುದು ವಾಡಿಕೆ. ಈ ಸಲ ನಾನು ಆರಿಸಿಕೊಂಡದ್ದು ಒಂದು ಕಾಯಿದೆಯನ್ನು. ಮುಖ ಸಿಂಡರಿಸಬೇಡಿ. ನಿಮ್ಮಲ್ಲಿ ಎಷ್ಟೋ ಮಂದಿಯ ತಂದೆಯೋ ಅಣ್ಣನೋ ಸೋದರಮಾವನೋ ನಮ್ಮ ಜಯಸಿಂಗಪುರದಿಂದ ದಿನವೂ ಪಾಳಿಗೆ ಇಚಲಕರಂಜಿಯ ಮಗ್ಗದ ಶೆಡ್ಡಿಗೆ ಹೋಗುತ್ತಾರೆ. ಉಳಿದವರ ಮನೆಯವರು ಸಕ್ಕರೆ ಕಾರ್ಖಾನೆಗೋ ಬೆಲ್ಲದ ಗಾಣಕ್ಕೋ ಫೌಂಡ್ರಿಗೋ ಹೋಗುತ್ತಾರೆ. ಅವರಿಗೆ ಊಟದ ಡಬ್ಬಿ ಕಟ್ಟಿ ಕಳಿಸುವ ಮನೆಗಳಲ್ಲಿ ಈ ಕಾಯಿದೆಯ ಹೆಸರೂ ತಿಳಿದಿರುವುದಿಲ್ಲ. ತಿಳಿಯುವುದು ಅಪಘಾತವಾದ ಮೇಲೆ. ಆಗ ಮನೆಯಲ್ಲಿ ಓದು ಬಲ್ಲವರು ಯಾರು ಎಂದು ಹುಡುಕಾಟ ನಡೆಯುತ್ತದೆ. ಆ ಓದು ಬಲ್ಲವರು ಬಹುಶಃ ನೀವೇ ಆಗಿರುತ್ತೀರಿ.

ಇಚಲಕರಂಜಿಗೆ ಮೊದಲ ಯಂತ್ರಮಗ್ಗ ತಂದವರು ವಿಠ್ಠಲರಾವ್ ದಾತಾರರು, 1904ರಲ್ಲಿ. ಯಂತ್ರಕ್ಕೆ ಸಿಕ್ಕಿ ಕೈಕಾಲು ಕಳೆದುಕೊಂಡವರಿಗಾಗಿ ಬ್ರಿಟಿಷ್ ಇಂಡಿಯಾದಲ್ಲಿ ಕಾಯಿದೆಯಾದದ್ದು 1923ರಲ್ಲಿ; ಜಾರಿಗೆ ಬಂದದ್ದು 1924ರ ಜುಲೈ 1ರಂದು. ಮೊದಲು ಅದರ ಹೆಸರು ಕಾರ್ಮಿಕ ನಷ್ಟಪರಿಹಾರ ಕಾಯಿದೆ. 2010ರಿಂದ ನೌಕರರ ನಷ್ಟಪರಿಹಾರ ಕಾಯಿದೆ ಎಂದಾಯಿತು. 2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಹಳೆಯ ಕಾಯಿದೆಯ ವಿಷಯ ಆ ಸಂಹಿತೆಯ ಒಂದು ಅಧ್ಯಾಯವಾಗಿ ಸೇರಿಕೊಂಡಿದೆ. ನಾನು ಹೇಳಲಿರುವ ಪ್ರಕರಣ 2018ರದು, ಹಳೆಯ ಕಾಯಿದೆಯ ಕಾಲದ್ದು.

ಆ ಕಾಯಿದೆಯ ಕೊನೆಯಲ್ಲಿ ಒಂದು ಕೋಷ್ಟಕವಿತ್ತು. ಮೊದಲ ಸಲ ಅದನ್ನು ನೋಡಿದಾಗ ಮೈ ಜುಮ್ಮೆಂದಿತು. ಎಡ ಬದಿಗೆ ದೇಹದ ಭಾಗಗಳು, ಬಲ ಬದಿಗೆ ಗಳಿಕೆಯ ಶಕ್ತಿ ಎಷ್ಟು ಹೋಯಿತೆಂಬ ಶೇಕಡಾ ಲೆಕ್ಕ. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರಬೆರಳಿಗೂ ಕಿರುಬೆರಳಿಗೂ ತಲಾ 7, ಹೆಬ್ಬೆರಳಿಗೆ 30. ನಾಲ್ಕು ಬೆರಳು ಹೋದರೆ 50, ಇಡೀ ಹಸ್ತ ಹೋದರೆ 60. ಸಂತೆಯಲ್ಲಿ ಕಾಯಿಪಲ್ಲೆಯ ದರದ ಹಲಗೆ ತೂಗುಹಾಕಿದಂತೆ ಕಂಡಿತು. ಆಮೇಲೆ ಯೋಚಿಸಿದರೆ, ಈ ಹಲಗೆ ಇಲ್ಲದಿದ್ದರೆ ಮಾಲಕರು ಕೊಟ್ಟಷ್ಟಕ್ಕೆ ಕೈಮುಗಿದು ಬರಬೇಕಾಗುತ್ತಿತ್ತಲ್ಲ ಎಂದೂ ಅನ್ನಿಸಿತು. ದರ ಬರೆದಿಟ್ಟ ಕಡೆ ಚೌಕಾಸಿಯ ಆಟ ಅಷ್ಟು ನಡೆಯುವುದಿಲ್ಲ.

ಈ ಕೋಷ್ಟಕ ನಮ್ಮ ಮನೆಗೆ ಬಂದದ್ದು ನನ್ನ ತಮ್ಮನ ಬಲಗೈ ಹೆಬ್ಬೆರಳಿನ ಮೂಲಕ. ಅವನಿಗಾಗ ಮೂವತ್ತೈದು ವರ್ಷ. ಹದಿನಾರು ವರ್ಷ ಮಗ್ಗ ನಡೆಸಿದವನು, ಏಕಕಾಲಕ್ಕೆ ಆರು ಮಗ್ಗ ನೋಡಿಕೊಳ್ಳುತ್ತಿದ್ದ. ದೀಪಾವಳಿ ಮುಗಿದ ವಾರ, ರಾತ್ರಿ ಪಾಳಿ, ಎರಡೂವರೆಯ ಹೊತ್ತು. ಹತ್ತಿಯ ಧೂಳು ಗಿಯರಿನ ಹಲ್ಲುಗಳಿಗೆ ಮೆತ್ತಿಕೊಂಡರೆ ಬಟ್ಟೆಯ ಸುತ್ತು ತಪ್ಪುತ್ತದೆ. ಮಗ್ಗ ನಿಲ್ಲಿಸಿ ಒರೆಸಬೇಕು ನಿಜ. ಆದರೆ ಕೂಲಿ ಇರುವುದು ನೇಯ್ದ ಬಟ್ಟೆಯ ಮೇಲೆ. ನಿಂತ ಮಗ್ಗ ಕೂಲಿ ಕೊಡುವುದಿಲ್ಲ. ಓಡುವ ಮಗ್ಗವನ್ನೇ ಒರೆಸುವುದು ಆ ಶೆಡ್ಡಿನ ಎಲ್ಲರ ರೂಢಿ. ಗಿಯರಿನ ಮೇಲೆ ಇರಬೇಕಾದ ತಗಡಿನ ಮುಚ್ಚಳ ಅವನು ಕೆಲಸಕ್ಕೆ ಸೇರಿದ ದಿನದಿಂದಲೂ ಇರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಬೆರಳು ತುಂಡಾಗಿ ಬಿದ್ದರೆ ಅದನ್ನು ಒದ್ದೆಯಾದ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಬರ್ಫದ ಮೇಲಿಟ್ಟು ತರಬೇಕು. ನೇರವಾಗಿ ಬರ್ಫದಲ್ಲಿಟ್ಟರೆ ಕೆಡುತ್ತದೆ. ಬೇಗ ತಂದರೆ, ಸೀಳು ನೇರವಾಗಿದ್ದರೆ, ಮತ್ತೆ ಕೂಡಿಸುವ ಶಸ್ತ್ರಚಿಕಿತ್ಸೆ ಸಾಧ್ಯ. ತಮ್ಮನದು ಹಲ್ಲುಗಳ ನಡುವೆ ಅರೆದುಹೋಗಿತ್ತು. ಕೂಡಿಸುವ ಮಾತೇ ಬರಲಿಲ್ಲ.

ಬೆಳಗಿನ ಜಾವ ಮಿರಜದ ಆಸ್ಪತ್ರೆಗೆ ನಾನು ಹೋಗುವಷ್ಟರಲ್ಲಿ ಶೆಡ್ಡಿನ ದಿವಾಣಜಿ ಮುಂದೆ ನಿಂತು ಕೇಸ್ ಪೇಪರು ಮಾಡಿಸಿದ್ದರು. ‘ಅಪಘಾತ ಹೇಗಾಯಿತು’ ಎಂಬ ಸಾಲಿನಲ್ಲಿ ‘ಮನೆಯಲ್ಲಿ ಕಡಬಾಕುಟ್ಟಿ ಯಂತ್ರಕ್ಕೆ ಕೈ ಸಿಕ್ಕು’ ಎಂದು ಮರಾಠಿಯಲ್ಲಿ ಬರೆಸಿದ್ದರು. ನಮ್ಮ ಮನೆಯಲ್ಲಿ ಎಮ್ಮೆಯೂ ಇಲ್ಲ, ಮೇವು ಕತ್ತರಿಸುವ ಯಂತ್ರವೂ ಇಲ್ಲ! ತಮ್ಮ ಅರೆಪ್ರಜ್ಞೆಯಲ್ಲಿದ್ದ. ದಿವಾಣಜಿ ಕೆಟ್ಟವರೆಂದು ನಾನು ಹೇಳುವುದಿಲ್ಲ. ರಾತ್ರಿಯೆಲ್ಲ ಅವರೂ ಓಡಾಡಿದ್ದರು, ಮುಂಗಡ ಹಣವನ್ನೂ ತುಂಬಿದ್ದರು. ಅವರಿಗೆ ಹೇಳಿ ಕಳಿಸಿದ್ದನ್ನು ಅವರು ಮಾಡಿದ್ದರು. ನಾನು ಕರ್ತವ್ಯದ ಮೇಲಿದ್ದ ವೈದ್ಯರ ಬಳಿ ಹೋಗಿ, ಎಚ್ಚರವಾದ ಮೇಲೆ ರೋಗಿಯ ಬಾಯಿಂದಲೇ ಕೇಳಿ ಬರೆದುಕೊಳ್ಳಿರೆಂದು ಬಿನ್ನವಿಸಿದೆ. ಅವರು ಹಾಗೆಯೇ ಮಾಡಿದರು. ಅದಕ್ಕಿಂತ ಮುಖ್ಯವಾಗಿ, ಗಾಯ ತೊಳೆದ ಶಸ್ತ್ರವೈದ್ಯರು ತಮ್ಮ ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿದ್ದರು: ಗಾಯದಲ್ಲಿ ಯಂತ್ರದ ಗ್ರೀಸು ಮತ್ತು ಹತ್ತಿಯ ಎಳೆಗಳು. ಕಡಬಾಕುಟ್ಟಿಯಲ್ಲಿ ಹತ್ತಿಯ ಎಳೆ ಎಲ್ಲಿಂದ ಬರಬೇಕು? ಮೂರು ವರ್ಷದ ಮೇಲೆ ಕೊಲ್ಹಾಪುರದ ಕಾರ್ಮಿಕ ನ್ಯಾಯಾಲಯದಲ್ಲಿ ನಮ್ಮ ವಕೀಲರು ಮೊದಲು ಓದಿದ್ದು ಆ ಸಾಲನ್ನೇ.

ನಾಲ್ಕನೆಯ ದಿನ ಇನ್ನೊಂದು ಕಾಗದ ಬಂತು. ತಮ್ಮ ಎಡಗೈಯಿಂದ ಅದನ್ನು ನನ್ನ ಕಡೆ ಚಾಚಿದ.

“ಅಣ್ಣಾ, ಇದರಾಗ ಏನ ಬರದಾರ ಸ್ವಲ್ಪ ನೋಡು. ದವಾಖಾನಿ ಬಿಲ್ಲಿನ ಸಲುವಾಗಿ ಸಹಿ ಬೇಕು ಅಂತಾರ.”

ಅವನಿಗೆ ಮರಾಠಿ ಮಾತು ಬರುತ್ತದೆ, ಓದು ತಡವರಿಸುತ್ತದೆ. ನಾವಿಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲೇ. ಏಳನೆಯ ಇಯತ್ತೆಯ ಮೇಲೆ ನನ್ನನ್ನು ಅಪ್ಪ ಮರಾಠಿ ಹೈಸ್ಕೂಲಿಗೆ ಹಾಕಿದರು. ಅವನು ಶಾಲೆ ಬಿಟ್ಟು ಮಗ್ಗಕ್ಕೆ ಹೋದ. ಆ ಒಂದು ಕವಲು ಆಸ್ಪತ್ರೆಯ ಮಂಚದ ಎರಡು ಬದಿಗೆ ನಮ್ಮಿಬ್ಬರನ್ನು ಕೂರಿಸಿತ್ತು. ಕಾಗದದಲ್ಲಿ ಬಿಲ್ಲಿನ ಸುದ್ದಿ ಎರಡೇ ಸಾಲು. ಉಳಿದದ್ದರ ತಾತ್ಪರ್ಯ ಇಷ್ಟು: ಅಪಘಾತ ನನ್ನ ಅಜಾಗರೂಕತೆಯಿಂದಲೇ ಆಯಿತು, ಮಾಲಕರು ಮಾನವೀಯತೆಯಿಂದ ಚಿಕಿತ್ಸೆ ಮಾಡಿಸಿದ್ದಾರೆ, ಮುಂದೆ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವ ಹಕ್ಕೂ ಇಲ್ಲ. ಓದಿ ಕನ್ನಡದಲ್ಲಿ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಾನವೀಯತಾ ಅಂದ್ರ ಏನ ಅಣ್ಣಾ ಇಲ್ಲಿ?” ಎಂದ. ಹದಿನೈದು ವರ್ಷ ಪಾಠ ಹೇಳಿದ ನನಗೆ ಆ ಶಬ್ದದ ಅರ್ಥ ಹೇಳಲು ಆಗಲಿಲ್ಲ. ಸಹಿ ಮಾಡದೆ ಕಾಗದ ಹಿಂದಕ್ಕೆ ಹೋಯಿತು.

ವಕೀಲರನ್ನು ಕಂಡ ಮೇಲೆ ಸಮಾಧಾನದ ಎರಡು ಸಂಗತಿ ತಿಳಿದವು. ಒಂದು, ಇಂಥ ಕಾಗದಕ್ಕೆ ಸಹಿ ಮಾಡಿದ್ದರೂ ಪರಿಹಾರದ ಹಕ್ಕು ಹೋಗುತ್ತಿರಲಿಲ್ಲ; ಹಕ್ಕು ಬಿಟ್ಟುಕೊಡುವ ಕರಾರನ್ನು 17ನೇ ಕಲಮು ಶೂನ್ಯವೆಂದೇ ಹೇಳುತ್ತಿತ್ತು. ಆದರೂ ಶೂನ್ಯವೆಂದು ಸಾಧಿಸಲು ನ್ಯಾಯಾಲಯಕ್ಕೆ ಅಲೆಯಬೇಕಷ್ಟೆ. ಇನ್ನೊಂದು, ಕೆಲಸಗಾರನ ಅಜಾಗರೂಕತೆಯೆಂಬುದು ಮಾಲಕರಿಗೆ ನೆಪವಾಗುವುದಿಲ್ಲ. ಕುಡಿದು ಕೆಲಸ ಮಾಡಿದ್ದರೆ, ಸುರಕ್ಷತೆಗಾಗಿ ಕೊಟ್ಟ ಸ್ಪಷ್ಟ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ಇದ್ದ ಮುಚ್ಚಳವನ್ನು ತಿಳಿದೂ ತಿಳಿದೂ ತೆಗೆದುಹಾಕಿದ್ದರೆ ಮಾತ್ರ ಮಾಲಕರು ತಪ್ಪಿಸಿಕೊಳ್ಳಬಹುದಿತ್ತು. ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ ಅದೂ ಇಲ್ಲ. ಇಲ್ಲದ ಮುಚ್ಚಳವನ್ನು ತಮ್ಮ ತೆಗೆಯುವುದಾದರೂ ಹೇಗೆ!

ಕನ್ನಡ ಶಿಕ್ಷಕನಾದ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಕಲಮು. 2017ರಲ್ಲಿ ಕಾಯಿದೆಗೆ ಒಂದು ಹೊಸ ಮಾತು ಸೇರಿತು: ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಮಾಲಕರು ನೌಕರನಿಗೆ ಅವನ ಪರಿಹಾರದ ಹಕ್ಕನ್ನು ಬರಹದಲ್ಲಿ ತಿಳಿಸಬೇಕು, ತಿಳಿಸದಿದ್ದರೆ ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ದಂಡ. ಓದಿ ಸಂತೋಷವಾಯಿತು. ಯಾವ ಭಾಷೆಯಲ್ಲಿ ತಿಳಿಸಬೇಕು? ಇಂಗ್ಲಿಷಿನಲ್ಲಿ, ಇಲ್ಲವೆ ಹಿಂದಿಯಲ್ಲಿ, ಇಲ್ಲವೆ ಆ ಪ್ರದೇಶದ ಆಡಳಿತ ಭಾಷೆಯಲ್ಲಿ, ನೌಕರನಿಗೆ ತಿಳಿಯುವಂಥದು. ನಮ್ಮ ಪ್ರದೇಶದ ಆಡಳಿತ ಭಾಷೆ ಮರಾಠಿ, ಅದು ಸರಿಯೇ. ಆದರೆ ಶಿರೋಳ, ಗಡಹಿಂಗ್ಲಜ ತಾಲೂಕುಗಳಿಂದ, ಗಡಿಯಾಚೆಯ ಚಿಕ್ಕೋಡಿ, ಅಥಣಿಯ ಹಳ್ಳಿಗಳಿಂದ ಬಂದು ಮಗ್ಗದ ಮುಂದೆ ನಿಂತ ಎಷ್ಟೋ ಮಂದಿಗೆ ಈ ಮೂರರಲ್ಲಿ ಯಾವುದನ್ನೂ ಸರಾಗವಾಗಿ ಓದಲು ಬಾರದು. ಅವರಿಗೆ ‘ತಿಳಿಯುವ’ ಭಾಷೆ ಆ ಪಟ್ಟಿಯಲ್ಲಿಲ್ಲ. ಕಾಯಿದೆ ಬರೆದವರು ದಿಲ್ಲಿಯಲ್ಲಿ ಕುಳಿತು ಒಂದು ಪ್ರದೇಶಕ್ಕೆ ಒಂದೇ ಭಾಷೆ ಎಂದುಕೊಂಡಿರಬೇಕು. ಗಡಿನಾಡಿನಲ್ಲಿ ಬಾಳಿದವರಿಗೆ ಹಾಗನ್ನಿಸುವುದಿಲ್ಲ. ತಮ್ಮನ ವಿಷಯದಲ್ಲಂತೂ ಯಾವ ಭಾಷೆಯಲ್ಲೂ ಯಾರೂ ಏನೂ ತಿಳಿಸಿರಲಿಲ್ಲ.

ಇನ್ನು ಹಣದ ಲೆಕ್ಕ. ಗಣಿತದ ಗುರುಗಳು ಕ್ಷಮಿಸಬೇಕು, ಈ ಲೆಕ್ಕ ನಾನೇ ಕಲಿತದ್ದು. ತಿಂಗಳ ವೇತನದ ಶೇ. 60ನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಿದರೆ ಪೂರ್ಣ ಅಂಗವೈಕಲ್ಯದ ಪರಿಹಾರ. ಮೂವತ್ತೈದು ವರ್ಷಕ್ಕೆ ಆ ಅಂಕಿ 197.06, ವಯಸ್ಸು ಏರಿದಂತೆ ಅದು ಇಳಿಯುತ್ತದೆ, ಐವತ್ತಕ್ಕೆ 153.09. ಬಂದ ಮೊತ್ತದಲ್ಲಿ ಕೋಷ್ಟಕದ ಶೇಕಡಾ ಪಾಲು ನಮ್ಮದು. ತಮ್ಮ ತಿಂಗಳಿಗೆ ಹನ್ನೆರಡು ಸಾವಿರದಷ್ಟು ದುಡಿಯುತ್ತಿದ್ದ. ಆದರೆ 2018ರಲ್ಲಿ ಎಷ್ಟೇ ದುಡಿದರೂ ಲೆಕ್ಕಕ್ಕೆ ಹಿಡಿಯುತ್ತಿದ್ದುದು 8,000 ರೂಪಾಯಿ ಮಾತ್ರ. ಆ ಮಿತಿ 15,000ಕ್ಕೆ ಏರಿದ್ದು 2020ರ ಜನವರಿಯಲ್ಲಿ. ಹಾಗಾಗಿ 4,800 ಗುಣಿಸು 197.06, ಒಂಬತ್ತು ಲಕ್ಷ ನಲವತ್ತೈದು ಸಾವಿರದ ಎಂಟುನೂರ ಎಂಬತ್ತೆಂಟು. ಅದರ ಶೇ. 30 ಎಂದರೆ 2,83,766 ರೂಪಾಯಿ. ಹದಿನಾಲ್ಕು ತಿಂಗಳು ತಡವಾಗಿ ಬೆರಳು ಹೋಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು ಎಂದು ತಮ್ಮ ನಗುತ್ತಾನೆ. ನಮಗೆ ನಗು ಬರುವುದಿಲ್ಲ.

ಎಂಟು ಸಾವಿರವನ್ನಾದರೂ ಸಾಧಿಸುವುದು ಸುಲಭವಿರಲಿಲ್ಲ. ಕೂಲಿ ವಾರಕ್ಕೊಮ್ಮೆ ಕೈಗೆ, ರೊಕ್ಕದ ರೂಪದಲ್ಲಿ, ಚೀಟಿಯಿಲ್ಲ, ಪಾಸ್‌ಬುಕ್ಕಿಲ್ಲ. ಶೆಡ್ಡು ‘ಖರ್ಚಿವಾಲಾ’ ಶೆಡ್ಡು, ಅಂದರೆ ನೂಲು ಬೇರೆ ವ್ಯಾಪಾರಿಯದು, ನೇಯ್ಗೆಯ ಮಜೂರಿ ಮಾತ್ರ ಇವರದು. ಅಪಘಾತವಾದ ಮೇಲೆ ಹೊಣೆಯೂ ಆ ಕಡೆಯಿಂದ ಈ ಕಡೆಗೆ ಲಾಳಿಯಂತೆ ಓಡಾಡಿತು. ಹಾಜರಿ ಪುಸ್ತಕದಲ್ಲಿ ಏಳೇ ಹೆಸರು. ದುಡಿಯುತ್ತಿದ್ದವರು ಎರಡು ಪಾಳಿ ಸೇರಿ ಹದಿಮೂರು. ಹತ್ತು ಜನ ಇದ್ದಾರೆಂದು ದಾಖಲೆಯಾಗಿದ್ದರೆ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ, ಅನ್ವಯಿಸುತ್ತಿತ್ತು: ಚಿಕಿತ್ಸೆ ಪುಕ್ಕಟೆ, ಮನೆಯಲ್ಲಿ ಕುಳಿತ ದಿನಗಳಿಗೆ ವೇತನದ ಶೇ. 90, ಆಮೇಲೆ ಬದುಕಿರುವ ತನಕ ತಿಂಗಳು ತಿಂಗಳು ನಿವೃತ್ತಿವೇತನದಂತೆ ಅಂಗವೈಕಲ್ಯದ ಹಣ. ಆರು ಹೆಸರು ಬರೆಯದಿದ್ದುದರಿಂದ ಅದೆಲ್ಲ ಹೋಯಿತು. ನಮಗೆ ಒದಗಿದ್ದು ಒಂದು ಹಳೆಯ ಡೈರಿ. ತಮ್ಮನ ಹೆಂಡತಿ ಪ್ರತಿ ವಾರ ಗಂಡ ತಂದ ಕೂಲಿಯನ್ನು, ಅದರಿಂದ ಕಿರಾಣಿಗೆ ಹೋದದ್ದನ್ನು ಕನ್ನಡ ಅಂಕಿಗಳಲ್ಲಿ ಬರೆದಿಡುತ್ತಿದ್ದಳು. ನಾಲ್ಕು ವರ್ಷದ ಬರಹ. “ಭಾವಾರ, ಇದು ಕೋರ್ಟಿನಾಗ ನಡೀತದೇನು?” ಎಂದು ಅಳುಕುತ್ತಲೇ ತಂದುಕೊಟ್ಟಳು. ನಾನು ಅದನ್ನು ಮರಾಠಿಗೆ ತಿರುಗಿಸಿ ಬರೆದು, ಮೂಲದೊಡನೆ ಸಲ್ಲಿಸಿದೆವು. ನಾನು ಮಾಡಿದ ಅನುವಾದಗಳಲ್ಲಿ ‘ಎಣ್ಣೆ ಅರ್ಧ ಕಿಲೋ, ಹುಡುಗರ ವಹಿ ಎರಡು’ ಎಂಬುದೇ ಹೆಚ್ಚು ಬೆಲೆಬಾಳಿದ ಅನುವಾದ.

ಕೋರ್ಟು ಒಂದು ಕಡೆ ನಡೆಯಿತು. ಕೈ ಇನ್ನೊಂದು ಕಡೆ ಮಾಯಬೇಕಿತ್ತು. ಗಾಯ ಮಾಯ್ದದ್ದು ಆರು ವಾರದಲ್ಲಿ. ಆದರೆ ಇಲ್ಲದ ಹೆಬ್ಬೆರಳು ರಾತ್ರಿ ತುರಿಸುತ್ತದೆ ಎನ್ನುತ್ತಿದ್ದ. ಅವ್ವ ಹೆದರಿ ದೃಷ್ಟಿ ತೆಗೆದಳು. ವೈದ್ಯರು ಹೆದರಬೇಡಿರೆಂದರು, ಹೋದ ಅಂಗ ಇದ್ದಂತೆಯೇ ಮಿದುಳಿಗೆ ತೋರುವುದು ಸಾಮಾನ್ಯವಂತೆ. ಬುಡದ ಚರ್ಮ ಗಾಳಿ ಸೋಕಿದರೂ ಉರಿಯುತ್ತಿತ್ತು. ಅದಕ್ಕೆ ವ್ಯಾಯಾಮದ ತಜ್ಞೆ ಹೇಳಿದ ಉಪಾಯ ಔಷಧಿಯಂಗಡಿಯದಲ್ಲ: ಮೊದಲ ವಾರ ಹತ್ತಿಯಿಂದ ಮೆಲ್ಲಗೆ ಸವರುವುದು, ಆಮೇಲೆ ಒರಟು ಟವೆಲ್ಲು, ಆಮೇಲೆ ಜೋಳ ತುಂಬಿದ ಬೋಗುಣಿಯಲ್ಲಿ ಕೈಯಿಟ್ಟು ತಿರುವುವುದು. ದಿನಕ್ಕೆ ನಾಲ್ಕು ಸಲ. ತಮ್ಮನ ಮಗಳು ಜೋಳದಲ್ಲಿ ಗುಂಡಿ, ನಾಣ್ಯ, ಗೋಲಿ ಬಚ್ಚಿಡುತ್ತಿದ್ದಳು. ಅಪ್ಪ ನೋಡದೆ ಹುಡುಕಿ ತೆಗೆಯಬೇಕು. ಎರಡು ಬೆರಳಿನ ನಡುವೆ ಹಿಡಿದ ಗೋಲಿ ಜಾರಿ ಬಿದ್ದಾಗಲೆಲ್ಲ ಅವಳು ಚಪ್ಪಾಳೆ ತಟ್ಟುತ್ತಿದ್ದಳು, ಅವನು ಎದ್ದು ಹೊರಗೆ ಹೋಗುತ್ತಿದ್ದ. ಎರಡು ತಿಂಗಳಾದ ಮೇಲೆ ಹೊರಗೆ ಹೋಗುವುದನ್ನು ಬಿಟ್ಟ.

ಕನ್ನಡದಲ್ಲಿ ಕೈಯ ಮೇಲೆ ಎಷ್ಟು ನುಡಿಗಟ್ಟುಗಳಿವೆಯೆಂದು ಪರೀಕ್ಷೆಗೆ ಕೇಳುತ್ತೇನಲ್ಲ, ಆ ದಿನಗಳಲ್ಲಿ ಅವೆಲ್ಲ ಮನೆಯಲ್ಲೇ ಓಡಾಡಿದವು. ಕೈಸಾಲ ಬೆಳೆಯಿತು. ಕೈಹಿಡಿಯುವವರು ಯಾರು, ಕೈಬಿಡುವವರು ಯಾರು ಎಂಬುದು ತಿಳಿಯಿತು. ಜೊತೆಯ ನೇಕಾರರು ಇಬ್ಬರು ಸಾಕ್ಷಿ ಹೇಳಲು ಒಪ್ಪಿ ಒಬ್ಬರು ಕೈಕೊಟ್ಟರು. ಅವರಿಗೂ ಮಕ್ಕಳುಮರಿ ಇದ್ದಾರೆ, ನಾನು ದೂರುವುದಿಲ್ಲ. ಕೆಲಸವಿಲ್ಲದ ತಿಂಗಳುಗಳಿಗೆ ಹದಿನೈದು ದಿನಕ್ಕೊಮ್ಮೆ ವೇತನದ ಶೇ. 25ರಂತೆ ಕೊಡಬೇಕೆಂದು ಕಾಯಿದೆಯಲ್ಲಿದ್ದರೂ ಅದು ಆಗ ಬರಲಿಲ್ಲ.

ಏಕಲವ್ಯನ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತೀರಿ, ಆಮೇಲೆ ಅವನೇನಾದ ಸರ್ ಎಂದು. ವ್ಯಾಸಭಾರತದಲ್ಲಿ ಅದಕ್ಕೆ ಉತ್ತರವಿದೆ: ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಉಳಿಯಲಿಲ್ಲ. ತಮ್ಮನ ವಿಷಯವೂ ಹಾಗೇ. ಹಾಸಿನ ಎಳೆ ಹರಿದರೆ ನೇಕಾರ ಕ್ಷಣದಲ್ಲಿ ಗಂಟು ಹಾಕುತ್ತಾನೆ, ಹೆಬ್ಬೆರಳು ತೋರುಬೆರಳುಗಳ ನಡುವೆ. ತಮ್ಮ ತೋರುಬೆರಳು ನಡುಬೆರಳುಗಳಿಂದ ಗಂಟು ಹಾಕಲು ಕಲಿತ. ಗಂಟು ಬಿಗಿಯಾಗಿಯೇ ಬೀಳುತ್ತದೆ. ಆದರೆ ಒಂದು ಗಂಟಿಗೆ ಮೊದಲಿನ ನಾಲ್ಕು ಪಾಲು ಹೊತ್ತು; ಅಷ್ಟರಲ್ಲಿ ಉಳಿದ ಐದು ಮಗ್ಗಗಳಲ್ಲಿ ಎರಡು ನಿಂತಿರುತ್ತವೆ. ಇದಕ್ಕೆ ಶೇ. 30 ಸಾಕೇ?

ಇದೇ ಪ್ರಶ್ನೆಯನ್ನು ವಕೀಲರು ನ್ಯಾಯಾಲಯದಲ್ಲಿ ಎತ್ತಿದರು. ಅವರಿಗೆ ಆಧಾರವಾದದ್ದು ಒಡಿಶಾದ ಒಬ್ಬ ಬಡಗಿಯ ಪ್ರಕರಣ. ಸಿನೆಮಾ ಮಂದಿರದಲ್ಲಿ ಅಲಂಕಾರದ ಮರಗೆಲಸ ಮಾಡುವಾಗ ಬಿದ್ದ ಶ್ರೀನಿವಾಸ ಸಬತ ಎಂಬ ಆ ಬಡಗಿಯ ಎಡಗೈಯನ್ನು ಮೊಣಕೈ ಬಳಿ ಕತ್ತರಿಸಬೇಕಾಯಿತು. ಕೋಷ್ಟಕದ ಲೆಕ್ಕ ನೂರಕ್ಕಿಂತ ಬಹಳ ಕಡಿಮೆ. ಆದರೆ ಒಂದೇ ಕೈಯಲ್ಲಿ ಬಡಗಿಯ ಕೆಲಸ ಆಗುವುದಿಲ್ಲ, ಆದ್ದರಿಂದ ಅವನ ಗಳಿಕೆಯ ನಷ್ಟ ನೂರಕ್ಕೆ ನೂರು ಎಂಬುದನ್ನು ಸುಪ್ರೀಂ ಕೋರ್ಟು 1970ರ ದಶಕದಲ್ಲೇ ಎತ್ತಿಹಿಡಿಯಿತು. ಪರಿಹಾರ ಕೊಡುವ ಹೊಣೆ ತೀರ್ಪಿನ ದಿನದಿಂದಲ್ಲ, ಗಾಯವಾದ ದಿನದಿಂದಲೇ ಹುಟ್ಟುತ್ತದೆ ಎಂದೂ ಅದೇ ತೀರ್ಪು ಹೇಳಿತು. ಬೆರಳಿಗೆ ಬೆಲೆ ಕಟ್ಟುವಾಗ ಆ ಬೆರಳು ಯಾವ ಕಸುಬಿನದು ಎಂದು ಕೇಳಿದ ಆ ನ್ಯಾಯಾಧೀಶರಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಅರ್ಜಿಯನ್ನು ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯಿದೆಯಲ್ಲಿತ್ತು. ನಮ್ಮದು 2019ರ ಫೆಬ್ರವರಿಯಲ್ಲಿ ಸಲ್ಲಿಕೆಯಾಗಿ, ನಡುವೆ ಕರೋನಾದಿಂದ ಬಾಗಿಲು ಮುಚ್ಚಿ, 2021ರ ಡಿಸೆಂಬರಿನಲ್ಲಿ ಮುಗಿಯಿತು. ಗಳಿಕೆಯ ನಷ್ಟ ಶೇ. 40 ಎಂದಾಯಿತು: 3,78,355 ರೂಪಾಯಿ, ಮೇಲೆ ಶೇ. 12ರ ಬಡ್ಡಿ ಮೂರು ವರ್ಷದ್ದು. ನೂರಲ್ಲ. ತಮ್ಮ ಬೇರೆ ಕೆಲಸ ಮಾಡಬಲ್ಲನೆಂದು ವೈದ್ಯರು ಹೇಳಿದ್ದರು, ಅದು ಸುಳ್ಳೂ ಅಲ್ಲ. ಹಣದಲ್ಲಿ ಕೈಸಾಲ ತೀರಿತು, ಅಡವಿಟ್ಟ ಬೋರಮಾಳ ಬಿಡಿಸಿ ತಂದೆವು, ಉಳಿದದ್ದು ಮಗಳ ಹೆಸರಿನಲ್ಲಿ ಠೇವಣಿಯಾಗಿದೆ. ಅವನೀಗ ಬೇರೊಂದು ಕಡೆ ನೇಯ್ದ ತಾನುಗಳನ್ನು ದೀಪದ ಮೇಲೆ ಎಳೆದು ದೋಷ ಹುಡುಕುವ ಕೆಲಸ ಮಾಡುತ್ತಾನೆ. ಕೂಲಿ ಮೊದಲಿನ ಮೂರರಲ್ಲಿ ಎರಡು ಪಾಲು. ಅಲ್ಲಿ ಇಎಸ್‌ಐ ಇದೆಯೇ ಎಂದು ಸೇರುವ ಮೊದಲೇ ಕೇಳಿ ತಿಳಿದುಕೊಂಡ.

ಪತ್ರಲೇಖನದ ಪಾಠದಲ್ಲಿ ಜ್ವರ ಬಂದಿದೆ, ರಜೆ ಕೊಡಿ ಎಂಬ ಪತ್ರವನ್ನು ನಾವು ತಲೆಮಾರುಗಳಿಂದ ಬರೆಸುತ್ತಿದ್ದೇವೆ. ಈಗ ಒಂಬತ್ತನೆಯ ತರಗತಿಯಲ್ಲಿ ನಾನು ಇನ್ನೊಂದು ಪತ್ರವನ್ನೂ ಬರೆಸುತ್ತೇನೆ, ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ: ಕೆಲಸದ ಜಾಗದಲ್ಲಿ ಅಪಘಾತವಾಗಿದೆಯೆಂದು ಮಾಲಕರಿಗೆ ಕೊಡುವ ಸೂಚನೆ. ದಿನಾಂಕ, ವೇಳೆ, ಯಾವ ಪಾಳಿ, ಯಾವ ಯಂತ್ರ, ಯಾವ ಕೈ, ಯಾವ ಬೆರಳು, ನೋಡಿದವರು ಯಾರು. ವಿಶೇಷಣಗಳು ಬೇಡ ಎಂದು ಮೊದಲೇ ಹೇಳುತ್ತೇನೆ. ‘ಹೆಬ್ಬೆರಳು’ ಬರೆಯಬೇಕೋ ‘ಹೆಬ್ಬಟ್ಟು’ ಬರೆಯಬೇಕೋ ಎಂದು ಹುಡುಗನೊಬ್ಬ ಕೇಳಿದ. ಹೆಬ್ಬಟ್ಟು ಎಂದರೆ ಒತ್ತುವ ಗುರುತೆಂದು ಯಾರಾದರೂ ತಿಳಿದಾರು, ಹೆಬ್ಬೆರಳೆಂದೇ ಬರೆ ಎಂದೆ. ಕಳೆದ ವರ್ಷ ಹುಡುಗಿಯೊಬ್ಬಳ ಪತ್ರದ ಕೊನೆಯಲ್ಲಿ ನಾನು ಹೇಳಿಕೊಡದ ಒಂದು ಸಾಲಿತ್ತು: ‘ಈ ಪತ್ರದ ಪ್ರತಿಯ ಮೇಲೆ ತಮ್ಮ ಸಹಿ ಮತ್ತು ತಾರೀಖು ಹಾಕಿ ಕೊಡಬೇಕು.’ ಅವಳ ತಾಯಿ ಕಾಂಡಿ ಸುತ್ತುವ ಕೆಲಸಕ್ಕೆ ಹೋಗುತ್ತಾರೆ. ಆ ಸಾಲನ್ನು ಈಗ ಎಲ್ಲರಿಂದಲೂ ಬರೆಸುತ್ತಿದ್ದೇನೆ.